ಹುಲ್ಲಿಗೆ ಹವಾ ಹಾಕುವ ಕಾಲ

ಟೊರಾಂಟೊಗೆ ಹೋಗಿ ಬಂದವರು ನಯಾಗರಾದಿಂದ ಕತೆ ಶುರು ಮಾಡಬೇಕೆಂಬುದು ರೂಢಿ. ನಾನೂ ನೋಡಿದೆ. ಬಹಳ ನೀರು ಬಹಳ ಎತ್ತರದಿಂದ ಬೀಳುತ್ತದೆ. ನಮ್ಮ ಕಡೆಯವರು ಅದಕ್ಕೆ ಬೆನ್ನು ತಿರುಗಿಸಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿದ್ದ ಆರು ತಿಂಗಳಲ್ಲಿ ನಾನು ಕಣ್ಣುತುಂಬ ನೋಡಿದ್ದು ಬೇರೆಯೇ: ನನ್ನ ತಂಗಿಯ ಮನೆ ಮುಂದಿನ ಹುಲ್ಲು.

ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಹುಲ್ಲಿಗೂ ನನಗೂ ಹಳೆಯ ವೈರ. ಶಾಲೆ ಶುರುವಾದ ವಾರವೇ ಹುಡುಗಿಯರನ್ನು ಸಾಲಾಗಿ ಕೂರಿಸಿ ಖೋಖೋ ಅಂಕಣದ ಹುಲ್ಲನ್ನೆಲ್ಲ ಕೀಳಿಸಿ, ನೀರು ಚಿಮುಕಿಸಿ, ರೋಲರ್ ಎಳೆಸಿ, ನೆಲ ಕಲ್ಲಾಗುವ ತನಕ ಬಿಡುತ್ತಿರಲಿಲ್ಲ. ನೆಲ ಎಷ್ಟು ಗಟ್ಟಿಯೋ ಟೀಚರ್ ಅಷ್ಟು ಗಟ್ಟಿಗಿತ್ತಿ ಎಂದು ಲೆಕ್ಕ. ಇಂಥವಳನ್ನು ತಂಗಿ ಶೈಲಾ ಫೋನು ಮಾಡಿ ಕರೆದಳು.

"ಅಕ್ಕಾ, ಬಂದು ಒಂದಿಷ್ಟು ದಿನ ಇದ್ದು ಹೋಗು. ಇವರು ಮಾತೇ ಬಿಟ್ಟಾರ."

ಇವರು ಎಂದರೆ ಅವಳ ಗಂಡ ಶಿವಾನಂದ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬದಿಗಿಡುವ ಮನುಷ್ಯ. ಕ್ರಿಸ್‌ಮಸ್ಸಿಗೆ ಮುಂಚೆ ಕಾರ್ಖಾನೆ ಅವರನ್ನೇ ಬದಿಗಿಟ್ಟಿತ್ತು.

ನಾರ್ತ್ ಯಾರ್ಕ್, ಏಪ್ರಿಲ್

ವಿಮಾನ ನಿಲ್ದಾಣಕ್ಕೆ ಶಿವಾನಂದ ಬಂದಿದ್ದರು. ದಾರಿಯುದ್ದಕ್ಕೂ ಅವರು ಆಡಿದ್ದು, "ಬೆಲ್ಟ್ ಹಾಕ್ಕೋರಿ ಅಕ್ಕಾರ" ಎಂಬ ಒಂದೇ ಮಾತು. ನಾನು ಹಾಕಿಕೊಂಡೆ. ಅಲ್ಲಿಗೆ ವಿಷಯ ಮುಗಿಯಿತು.

ಯಂಗ್ ಸ್ಟ್ರೀಟಿನ ಎತ್ತರದ ಕಟ್ಟಡಗಳ ಹಿಂದೆ ಎರಡು ಓಣಿ ಒಳಗೆ ಹೋದರೆ ಅವರ ಒಂದಂತಸ್ತಿನ ಮನೆ. ಹಿಮ ಕರಗಿತ್ತು, ರಸ್ತೆಯ ಮೂಲೆಗಳಲ್ಲಿ ಮಾತ್ರ ಕರಿ ಗುಡ್ಡೆಗಳು ಉಳಿದಿದ್ದವು. ಮನೆಯ ಮುಂದಿನ ಹುಲ್ಲು ಗೋಣಿಚೀಲ ಹಾಸಿದಂತಿತ್ತು. ಕಾಂಪೌಂಡು ಇಲ್ಲ, ಗೇಟಿಲ್ಲ. ನಮ್ಮ ಹುಲ್ಲು ಎಲ್ಲಿ ಮುಗಿದು ಪಕ್ಕದವರ ಹುಲ್ಲು ಎಲ್ಲಿ ಶುರುವಾಗುತ್ತದೆ ಎಂಬುದು ಎರಡು ಮನೆಯವರಿಗೆ ಮಾತ್ರ ಗೊತ್ತು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕೋರ್ಟಿನಲ್ಲಿರುತ್ತಿತ್ತು.

ಶಿವಾನಂದ ಬೆಳಗಾದರೆ ಚಹಾದ ಕಪ್ಪು ಹಿಡಿದು ಹುಲ್ಲಿನ ಅಂಚಿಗೆ ನಿಲ್ಲುತ್ತಿದ್ದರು, ಟಾಸಿಗೆ ಮುಂಚೆ ಪಿಚ್ಚು ನೋಡುವ ಕ್ಯಾಪ್ಟನ್ನಿನಂತೆ. ಬಗ್ಗಿ ಬೆರಳಿನಿಂದ ಒತ್ತುತ್ತಿದ್ದರು. ಒಳಗೆ ಬಂದು ಮೊಬೈಲಿನಲ್ಲಿ ಯಾರೋ ಟೋಪಿ ಹಾಕಿದ ಗಂಡಸರು ಹುಲ್ಲಿನ ಬಗ್ಗೆ ಉಪದೇಶ ಮಾಡುವ ವಿಡಿಯೊ ನೋಡುತ್ತಿದ್ದರು. ಶೈಲಾ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಶಿಫ್ಟಿಗೆ ಹೋಗುತ್ತಿದ್ದಳು, ಮಗಳು ಮೇಘಾ ಕಾಲೇಜಿಗೆ. ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಆ ಟೋಪಿಯವರು.

ಒಂದು ದಿನ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹೆಣ್ಣುಮಗಳೊಬ್ಬಳು ಬಾಗಿಲು ಬಡಿದಳು. ಈ ಓಣಿಯಲ್ಲೆಲ್ಲ ಇವತ್ತು ಏರೇಷನ್ ಮಾಡುತ್ತಿದ್ದೇವೆ, ನಿಮ್ಮದೂ ಮಾಡಿಬಿಡೋಣವೇ ಎಂದು ಹಲ್ಲು ಬಿಟ್ಟು ಕೇಳಿದಳು. ಶಿವಾನಂದರ ಮುಖದಲ್ಲಿ ನಾನು ಬಂದ ಮೇಲೆ ಮೊದಲ ಸಲ ಜೀವ ಕಂಡಿತು. ಹೂಂ ಅಂದುಬಿಟ್ಟರು.

"ಏನ್ ಮಾಡ್ತಾರ್ರಿ ಅವರು?" ಎಂದೆ.

"ನೆಲಕ್ಕ ತೂತು ಹೊಡದು ಹವಾ ಹಾಕ್ತಾರ."

ಹವಾ ಹಾಕುವುದು ಎಂದರೆ ನನ್ನ ಪ್ರಕಾರ ಸೈಕಲ್ಲಿಗೆ. ಟ್ಯೂಬಿಗೆ ತೂತು ಬಿದ್ದರೆ ಹವಾ ಹೋಗುತ್ತದೆ. ತೂತು ಹೊಡೆದು ಹವಾ ಹಾಕುವ ದೇಶ ಇದೇ ಮೊದಲು ನೋಡಿದ್ದು. ಆದರೂ ನೆಂಟಳು ನೆಂಟಳಂತಿರಬೇಕೆಂದು ಸುಮ್ಮನಾದೆ.

ಮಷಿನ್ ಬಂತು. ಕೆಳಗೆ ಒಂದು ಉರುಳೆ, ಉರುಳೆಯ ತುಂಬ ಪೊಳ್ಳು ಮೊಳೆಗಳು. ಅದು ಗುಡುಗುಡು ಎನ್ನುತ್ತ ನೆಲದಿಂದ ಬೆರಳುದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಹಿಂದಕ್ಕೆ ಉಗುಳುತ್ತದೆ. ಮಷಿನ್ ಇನ್ನೂ ಅಂಚಿನಲ್ಲಿರುವಾಗಲೇ ಪಕ್ಕದ ಮನೆಯ ಬಾಗಿಲು ತೆರೆಯಿತು. ಅಲ್ಲಿದ್ದವರು ಮಹೀನ್ ಖಾನುಮ್, ಇರಾನಿನ ಮುದುಕಿ. ಇಸ್ಫಹಾನಿನಲ್ಲಿ ನನ್ನ ಹಾಗೆಯೇ ಟೀಚರಾಗಿದ್ದವರಂತೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೆ. ಇಷ್ಟು ವರ್ಷದಲ್ಲಿ ಶಿವಾನಂದರಿಗೂ ಅವರಿಗೂ ಕೈಬೀಸುವುದಕ್ಕಿಂತ ಹೆಚ್ಚಿನ ಮಾತುಕತೆ ನಡೆದಿರಲಿಲ್ಲ. ಅವತ್ತು ಮಾತ್ರ ಚಪ್ಪಲಿಯಲ್ಲೇ ಹುಲ್ಲು ದಾಟಿ ಬಂದು, ಎರಡೂ ಕೈ ಅಲ್ಲಾಡಿಸುತ್ತ, "ಬಹಾರ್ ನಾ! ಬಹಾರ್ ನಾ! ಪಾಯೀಜ್! ಪಾಯೀಜ್!" ಎಂದು ಕೂಗಿದರು.

"ಏನಂತಾರ್ರಿ ಅಕ್ಕಾರ ಇವರು?" ಎಂದು ಶಿವಾನಂದ ನನ್ನ ಮುಖ ನೋಡಿದರು.

ನನ್ನ ಹುಬ್ಬಳ್ಳಿ ಹಿಂದಿಯ ಮೇಲೆ ನನಗೆ ಭಾರಿ ನಂಬಿಕೆ. ಬಾಹರ್ ಎಂದರೆ ಹೊರಗೆ. ನಾ ಎಂದರೆ ಬೇಡ. ಹೊರಗೆ ಬೇಡ, ಒಳಗೆ ಕರೀರಿ, ಪಾಯಸ ಕೊಡ್ರಿ. ಮನೆಗೆ ಹೊಸದಾಗಿ ಬಂದವರು ಸಿಹಿ ಹಂಚುವ ಪದ್ಧತಿ ಅವರಲ್ಲಿ ಇರಬೇಕು ಎಂದು ನಾನೇ ತೀರ್ಮಾನಿಸಿದೆ.

"ಪಾಯಸ ಕೇಳಾಕತ್ತಾರ," ಎಂದೆ.

ಶಿವಾನಂದ ತಲೆಯಾಡಿಸಿ ಮಷಿನ್ ಕಡೆ ತಿರುಗಿದರು. ನಾನು ಒಳಗೆ ಹೋಗಿ ಶಾವಿಗೆ ಹುರಿದು, ಏಲಕ್ಕಿ, ದ್ರಾಕ್ಷಿ ಹಾಕಿ ಪಾಯಸ ಮಾಡಿ ಪಕ್ಕದ ಮನೆಗೆ ಒಯ್ದೆ. ಮಹೀನ್ ಖಾನುಮ್ ಬಾಗಿಲಲ್ಲಿ ನಿಂತು ಒಮ್ಮೆ ಬಟ್ಟಲನ್ನು ನೋಡಿದರು, ಒಮ್ಮೆ ನಮ್ಮ ಹುಲ್ಲಿನ ಮೇಲೆ ಇನ್ನೂ ಓಡುತ್ತಿದ್ದ ಮಷಿನ್ ನೋಡಿದರು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು. ಬಟ್ಟಲು ತೆಗೆದುಕೊಂಡು ಎದೆಯ ಮೇಲೆ ಕೈಯಿಟ್ಟು ಬಾಗಿದರು. ಎಂಥ ಸಂಸ್ಕಾರವಂತರು ಅನ್ನಿಸಿತು.

ಮರುದಿನ ಎದ್ದು ನೋಡಿದರೆ, ಓಣಿಯ ನಾಯಿಗಳೆಲ್ಲ ಒಪ್ಪಂದ ಮಾಡಿಕೊಂಡು ನಮ್ಮ ಹುಲ್ಲಿಗೇ ಬಂದು ಹೋದಂತೆ ಕಾಣುತ್ತಿತ್ತು. ಕಸಬರಿಗೆ ಹಿಡಿದು ಮಣ್ಣಿನ ತುಂಡುಗಳನ್ನೆಲ್ಲ ಗುಡಿಸಿ ಗುಡ್ಡೆ ಹಾಕುತ್ತಿದ್ದಾಗ ಮೇಘಾ ಕಾಲೇಜಿನ ಚೀಲ ಎಸೆದು ಓಡಿ ಬಂದಳು.

"ದೊಡ್ಡಮ್ಮಾ, ನೋ! ದೇ ಹ್ಯಾವ್ ಟು ಸ್ಟೇ!"

"ಇವು ಇರಬೇಕಾ? ಮುಂಬಾಗಿಲಾಗ?"

"ಯೆಸ್! ದೇ ಮೆಲ್ಟ್. ಲೈಕ್, ಮಳೆ ಬಂದ್ರೆ."

ಗುಡಿಸಿದ್ದನ್ನು ಮತ್ತೆ ಹರವಿದೆ. ಎದುರು ಮನೆಯವನು ಕಾಫಿ ಕುಡಿಯುತ್ತ ಕಿಟಕಿಯಿಂದ ಪೂರ್ತಿ ನೋಡಿದ.

ಅದೇ ಮನೆ, ಮೇ

ಮೇ ತಿಂಗಳು ಬಿಸಿಲು ಬಿತ್ತು. ಓಣಿಯ ಹುಲ್ಲೆಲ್ಲ ಹಸಿರಾಯಿತು. ನಮ್ಮದು ಹಳದಿಯಾಯಿತು.

ಒಣಗಿದ ಹಳದಿಯಲ್ಲ, ಹೂವಿನ ಹಳದಿ. ಡ್ಯಾಂಡೆಲಿಯನ್ ಎಂಬ ಕಳೆ, ಮಿನಿ ಸೇವಂತಿಗೆಯಂತೆ ಹೂ. ಹೊಡೆದ ತೂತುಗಳೆಲ್ಲ ಅದರ ಬೀಜಕ್ಕೆ ಹಾಸಿಗೆ ಹಾಸಿ ಕೊಟ್ಟಂತೆ ಆಗಿತ್ತು. ನನಗೇನು ಗೊತ್ತು, ಇಷ್ಟು ಚೆಂದದ ಹೂ ಪುಕ್ಕಟೆ ಬಂದಿದೆಯೆಂದು ಬುಟ್ಟಿ ತುಂಬ ಕೊಯ್ದು ದೇವರ ಫೋಟೊಗಳಿಗೆಲ್ಲ ಏರಿಸಿದೆ. ಶಿವಾನಂದ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಳ್ಳಲು ಬಂದವರು ಅದನ್ನು ನೋಡಿ, ವಿಭೂತಿ ಮುಟ್ಟದೆ, ಹಾಗೇ ತಿರುಗಿ ಹೋದರು.

ಆ ದೇಶದಲ್ಲಿ ಅಂಗಳದ ಕಳೆಗೆ ವಿಷದ ಔಷಧಿ ಹೊಡೆಯಲು ಬಿಡುವುದಿಲ್ಲ. ಕೈಯಿಂದ ಕೀಳಬೇಕು. ಶಿವಾನಂದ ಮೊಣಕಾಲೂರಿ ಕೂತರು, ಪಕ್ಕದಲ್ಲಿ ನಾನೂ ಕೂತೆ. ಹುಲ್ಲು ಕೀಳುವುದರಲ್ಲಿ ನನ್ನದು ಜೀವಮಾನದ ಅನುಭವ. ಆದರೆ ಈ ಗಿಡದ ಬೇರು ಗಜ್ಜರಿಯ ಹಾಗೆ ಆಳಕ್ಕೆ ಇಳಿದಿರುತ್ತದೆ, ಮೇಲೆ ಎಳೆದರೆ ಕಟ್ಟೆಂದು ಮುರಿದು ಕೆಳಗೆ ಉಳಿದು ನಗುತ್ತದೆ. ಒಂದು ಕಡೆಯಿಂದ ಕೀಳುತ್ತ ಇನ್ನೊಂದು ಕಡೆ ಮುಟ್ಟುವಷ್ಟರಲ್ಲಿ ಮೊದಲಿನ ಕಡೆ ಮತ್ತೆ ಹೂ. ಆಮೇಲೆ ಹೂಗಳೆಲ್ಲ ಬಿಳಿ ಬುರುಗಾಗಿ ಗಾಳಿಗೆ ಹಾರತೊಡಗಿದವು, ನೆರೆಯವರ ಹುಲ್ಲಿನ ಮೇಲೆ. ಇಲ್ಲಿನ ಜನ ಜಗಳಕ್ಕೆ ಬರುವುದಿಲ್ಲ. "ಬ್ಯೂಟಿಫುಲ್ ಡೇ" ಎನ್ನುತ್ತಾರೆ. ಆದರೆ ಹಾಗೆನ್ನುವಾಗ ಕಣ್ಣು ನಮ್ಮ ಅಂಗಳದ ಮೇಲಿರುತ್ತದೆ.

ಒಂದು ಮಧ್ಯಾಹ್ನ ಶಿವಾನಂದ ಕೈಯಲ್ಲಿದ್ದ ಕಳೆ ಕೀಳುವ ಖುರ್ಪಿ ಕೆಳಗಿಟ್ಟರು.

"ಹುಲ್ಲೂ ನನ್ನ ಮಾತು ಕೇಳಲಿಲ್ಲ ನೋಡ್ರಿ ಅಕ್ಕಾರ," ಎಂದು ಎದ್ದು ಬೇಸ್‌ಮೆಂಟಿಗೆ ಇಳಿದರು. ಆಮೇಲೆ ಊಟಕ್ಕೆ ಮಾತ್ರ ಮೇಲೆ ಬರುತ್ತಿದ್ದರು. ಮೊಬೈಲಿನ ಟೋಪಿಯವರ ದನಿಯೂ ನಿಂತುಹೋಯಿತು. ಶೈಲಾ ಶಿಫ್ಟಿನಿಂದ ಬಂದು ಬೂಟು ಬಿಚ್ಚುವ ಮೊದಲೇ, "ಮ್ಯಾಲೆ ಬಂದಿದ್ರೇನು?" ಎಂದು ಕೇಳುವಳು. ಇಲ್ಲ ಅನ್ನುವೆ. ಮೆಟ್ಟಿಲ ಮೇಲೆ ಕೂತು ಕೆಳಗೆ ಕತ್ತಲೆ ನೋಡುವಳು. ಆಕೆ ಹಾಗೆ ಕೂತದ್ದು ನೋಡಿ, ನಾನು ಇಲ್ಲಿಗೆ ಬಂದದ್ದರಿಂದ ಏನಾದರೂ ಒಳ್ಳೆಯದಾಯಿತೇ ಎಂದು ನನಗೇ ಸಂಶಯ ಬಂತು.

ಜೆರಾರ್ಡ್ ಇಂಡಿಯಾ ಬಜಾರ್, ಜುಲೈ

ಮನುಷ್ಯನನ್ನು ಮನೆಯಿಂದ ಹೊರಗೆಳೆಯಲು ಒಂದು ನೆಪ ಬೇಕಿತ್ತು. ಜೋಳದ ಹಿಟ್ಟು ಮುಗಿದಿದೆ, ನನಗೊಬ್ಬಳಿಗೇ ದಾರಿ ತಿಳಿಯದು ಎಂದು ಹಟ ಹಿಡಿದೆ. ಸಬ್‌ವೇ ಹಿಡಿದು, ಆಮೇಲೆ ಹಳಿಯ ಮೇಲೆ ಗಂಟೆ ಬಾರಿಸುತ್ತ ಹೋಗುವ ಸ್ಟ್ರೀಟ್‌ಕಾರು ಹತ್ತಿ ಜೆರಾರ್ಡಿಗೆ ಹೋದೆವು. ಅಂಗಡಿಗಳ ಮುಂದೆ ಮಾವಿನ ಪೆಟ್ಟಿಗೆ, ಗಾಜಿನ ಹಿಂದೆ ಲೆಹಂಗಾ, ಕೆಂಡದ ಮೇಲೆ ಮೆಕ್ಕೆತೆನೆ. ಇದು ಬೆಳಗಾವಿಯ ಮಾರ್ಕೆಟ್ಟೇ ಎನ್ನಬಹುದಿತ್ತು, ಜನ ಸಿಗ್ನಲ್ಲಿಗೆ ನಿಲ್ಲದೆ ಹೋಗಿದ್ದರೆ.

ಹಿಟ್ಟಿನ ಅಂಗಡಿಯವ ಮಾತುಗಾರ. ನಮ್ಮ ಊರು ಕೇಳಿದ, ಮಕ್ಕಳನ್ನು ಕೇಳಿದ, ಆಮೇಲೆ ಶಿವಾನಂದರ ಕಡೆ ತಿರುಗಿ, "ಭಾಯಿಸಾಬ್, ಆಪ್ ಕ್ಯಾ ಕಾಮ್ ಕರ್ತೇ ಹೈ?" ಎಂದು ಕೆಲಸ ವಿಚಾರಿಸಿದ.

ಶಿವಾನಂದ ಅವಲಕ್ಕಿ ಪಾಕೀಟಿನ ಹಿಂಭಾಗವನ್ನು ಓದತೊಡಗಿದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಮಧ್ಯೆ ಬಾಯಿ ಹಾಕಿದೆ: "ಘಾಸ್ ಉಗಾತೇ ಹೈ." ಹುಲ್ಲು ಬೆಳೆಸುತ್ತಾರೆ.

ಅಂಗಡಿಯವ ಕಣ್ಣರಳಿಸಿ, ದನಿ ತಗ್ಗಿಸಿ, "ಲೈಸೆನ್ಸ್ ವಾಲಾ?" ಎಂದ. ಆ ದೇಶದಲ್ಲಿ ಗಾಂಜಾ ಅಂಗಡಿ ಇಟ್ಟು ಮಾರುತ್ತಾರೆಂದೂ, ಅದಕ್ಕೂ ಹುಲ್ಲು ಎನ್ನುತ್ತಾರೆಂದೂ ನನಗೆ ಯಾರೂ ಹೇಳಿರಲಿಲ್ಲ. ಶಿವಾನಂದ ಗಾಬರಿಯಾಗಿ, "ನಹೀ ನಹೀ, ವೋ ಘಾಸ್ ನಹೀ! ಲಾನ್, ಲಾನ್!" ಎಂದರು. ಅಂಗಡಿಯವ ನಿರಾಸೆಯಿಂದ ಹಿಟ್ಟು ತೂಗಿದ.

ಹೊರಗೆ ಬಂದು ಮೆಕ್ಕೆತೆನೆ ಕೊಂಡು ಬೆಂಚಿನ ಮೇಲೆ ಕೂತೆವು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತೆನೆ ಕೈಯಲ್ಲಿ ತಿರುಗಿಸುತ್ತ, ತಮಗೇ ಎಂಬಂತೆ ಮಾತು ಶುರು ಮಾಡಿದರು.

"ಕೆಲಸಾ ಹೋಗಿದ್ದಕ್ಕ ಅಲ್ರಿ ಅಕ್ಕಾರ. ಕೆಲಸಾ ಎಲ್ಲಾರದೂ ಹೋಗತಾವು. ಮರುದಿನ ಫೋನ್ ಬರತೈತಿ ಅಂತ ಕುಂತಿದ್ದೆ. ಆ ಮಷಿನ್ ಹೆಂಗ ಅಂತ, ಈ ಅಳತಿ ಹೆಂಗ ಹಿಡೀತಿದ್ರಿ ಅಂತ, ಯಾರರೆ ಒಂದ್ ಮಾತು ಕೇಳತಾರ ಅಂತ. ಯಾರೂ ಕೇಳಲಿಲ್ಲ. ನಾ ಇಲ್ಲದ ಎಲ್ಲಾ ನಡದೇ ಹೋತು."

ಆಟದ ಟೀಚರಿಗೆ ಸೋತ ತಂಡವನ್ನು ಮನೆಗೆ ಕರೆದುಕೊಂಡು ಹೋಗಿ ಗೊತ್ತಿರುತ್ತದೆ. ಆಗ ಮಾತಾಡಬಾರದು, ತಿನ್ನಲು ಕೊಡಿಸಬೇಕು. ಇನ್ನೊಂದು ತೆನೆ ಕೊಡಿಸಿದೆ.

ಪಕ್ಕದ ಮನೆ, ಆಗಸ್ಟ್

ಒಂದು ಭಾನುವಾರ ಮಹೀನ್ ಖಾನುಮ್ ಅವರ ಮಗ ಬಹ್ರಾಮ್ ಬಂದಿದ್ದ. ದೂರದ ಊರಿನಲ್ಲಿ ಕೆಲಸ, ಆಗೊಮ್ಮೆ ಈಗೊಮ್ಮೆ ಬಂದು ಹೋಗುವವನು. ತಾಯಿ, ಮಗ ಇಬ್ಬರೂ ನಮ್ಮ ಬಾಗಿಲಿಗೆ ಬಂದರು. ತಾಯಿಯ ಕೈಯಲ್ಲಿ ಕೇಸರಿ ಹಾಕಿದ ಹಳದಿ ಅನ್ನದ ಸಿಹಿ. ಮೇಘಾ ಹೋಗಿ ಅಪ್ಪನನ್ನು ಬೇಸ್‌ಮೆಂಟಿನಿಂದ ಕರೆತಂದಳು.

ಬಹ್ರಾಮ್ ಇಂಗ್ಲಿಷಿನಲ್ಲಿ, ಬಹಳ ನಾಚಿಕೆಯಿಂದ ಕೇಳಿದ: ತನ್ನ ತಾಯಿಗೆ ಏಪ್ರಿಲ್‌ನಿಂದ ಒಂದು ಪ್ರಶ್ನೆ ಕಾಡುತ್ತಿದೆ, ಕೇಳಬಹುದೇ? ತಾಯಿಯ ಮಾತನ್ನೇ ಒಪ್ಪಿಸಿದ: "ಬಹಾರದಲ್ಲಿ ಬೇಡ, ಪಾಯೀಜಿನಲ್ಲಿ ಮಾಡಿ ಎಂದು ಅಷ್ಟು ಕೂಗಿ ಹೇಳಿದೆ. ನೀವು ಸಿಹಿ ತಂದು ಕೊಟ್ಟಿರಿ, ಮಷಿನ್ ಮಾತ್ರ ನಿಲ್ಲಿಸಲಿಲ್ಲ. ಅದು ನಿಮ್ಮ ದೇಶದ ಪದ್ಧತಿಯೇ?"

"ಪಾಯೀಜ್ ಅಂದ್ರೆ?" ಎಂದು ಮೇಘಾ ಕೇಳಿದಳು.

"ಫಾಲ್. ಬಹಾರ್ ಅಂದರೆ ಸ್ಪ್ರಿಂಗ್," ಎಂದ ಬಹ್ರಾಮ್. ಒಂದು ಶರತ್ಕಾಲ, ಇನ್ನೊಂದು ವಸಂತ.

ಶಿವಾನಂದ ಮೆಲ್ಲಗೆ ನನ್ನ ಕಡೆ ತಿರುಗಿದರು. "ಪಾಯಸ!" ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತು ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಳಗೆ ಮಲಗಿದ್ದ ಶೈಲಾ, ಗಂಡ ಅಳುತ್ತಿದ್ದಾನೆಂದು ತಿಳಿದು ಓಡಿ ಬಂದಳು. ವಿಷಯ ತಿಳಿದ ಮೇಲೆ ಅವಳೂ ಕೂತಳು. ಬಹ್ರಾಮ್ ತಾಯಿಗೆ ತಿಳಿಸಿ ಹೇಳಿದಾಗ ಮಹೀನ್ ಖಾನುಮ್ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು. ಟೀಚರ್ ಕೈ ಎಂದು ಅದರಿಂದಲೇ ಗೊತ್ತಾಯಿತು.

ಆಮೇಲೆ ಪಾಠ ನಡೆಯಿತು. ಅರ್ಧ ಮಗನ ಇಂಗ್ಲಿಷಿನಲ್ಲಿ, ಅರ್ಧ ನಮ್ಮಿಬ್ಬರಿಗೂ ಗೊತ್ತಿದ್ದ ಮಾತುಗಳಲ್ಲಿ. ಜಮೀನ್ ಎಂದರು ಅವರು, ನಮ್ಮಲ್ಲೂ ಜಮೀನೇ. ಹವಾ ಎಂದರು, ಹವಾ! ಇಸ್ಫಹಾನಿನ ಗಾಳಿಯೂ ಧಾರವಾಡದ ಸೈಕಲ್ ಅಂಗಡಿಯ ಗಾಳಿಯೂ ಒಂದೇ ಹೆಸರಿನದೆಂದು ನನಗೆ ಹಿಗ್ಗೋ ಹಿಗ್ಗು. ಹಿಮ ಕರಗಿದ ಕೂಡಲೇ ನೆಲ ಹಸಿ ಇರುತ್ತದೆ, ಕಳೆಯ ಬೀಜ ಮನೆ ಹುಡುಕುತ್ತಿರುತ್ತದೆ. ಆಗ ತೂತು ಹೊಡೆದರೆ ಬಾಗಿಲು ತೆರೆದಂತೆ. ಸೆಪ್ಟೆಂಬರಿನಲ್ಲಿ ಬಿಸಿಲಿನ ಉರಿ ಇಳಿದಿರುತ್ತದೆ, ಮಣ್ಣಿನೊಳಗೆ ಬೆಚ್ಚಗಿರುತ್ತದೆ, ಕಳೆಯ ಅಬ್ಬರವೂ ತಗ್ಗಿರುತ್ತದೆ. ಆಗ ಹುಲ್ಲಿನ ಬೇರು ಮಾತ್ರ ಕೆಳಕ್ಕೆ ಓಡುತ್ತದೆ. ಒಂದು ಮಳೆಯಾದ ಮೇಲೆ, ಎಲೆ ಉದುರುವ ಮೊದಲು, ಇಬ್ಬನಿ ಹೆಪ್ಪುಗಟ್ಟಲು ಇನ್ನೂ ಕೆಲವು ವಾರ ಇರುವಾಗ ಮಾಡಬೇಕು. ಅವರ ಗಂಡ ಹಾಗೆ ಮಾಡುತ್ತಿದ್ದರಂತೆ. ಅವರು ಹೋದ ಮೇಲೆ ಯಾರೂ ಮಾಡಿಲ್ಲ.

ಮಹೀನ್ ಖಾನುಮ್ ಮಗನನ್ನು ಬಿಟ್ಟು ನೇರವಾಗಿ ಶಿವಾನಂದರ ಕಡೆ ತಿರುಗಿ, ತಮ್ಮ ಹುಲ್ಲು ತೋರಿಸಿ, ಇದ್ದಷ್ಟು ಇಂಗ್ಲಿಷಿನಲ್ಲಿ ಕೇಳಿದರು: "ಯು ಡೂ? ಪ್ಲೀಸ್?"

ಶಿವಾನಂದ ಎದ್ದು ನಿಂತರು. ಅವರ ಕೈ ಶರ್ಟಿನ ಜೇಬಿಗೆ ಹೋಯಿತು, ಪೆನ್ನು ಹುಡುಕುವವರಂತೆ.

"ಐ ವಿಲ್ ಚೆಕ್ ದ ಸಾಯಿಲ್ ಫಸ್ಟ್," ಎಂದರು.

ಎರಡೂ ಅಂಗಳ, ಸೆಪ್ಟೆಂಬರ್

ಆಮೇಲಿನ ದಿನಗಳಲ್ಲಿ ಆ ಮನುಷ್ಯ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಎರಡೂ ಅಂಗಳ ತಿರುಗಿದರು. ಅದನ್ನು ನೆಲಕ್ಕೆ ಚುಚ್ಚುವುದು, ಎಷ್ಟು ಇಳಿಯಿತೆಂದು ನೋಡುವುದು, ಇಳಿಯದಿದ್ದರೆ "ರಿಜೆಕ್ಟ್" ಎನ್ನುವುದು. ಬೇಸ್‌ಮೆಂಟಿನ ದೀಪ ಆರಿತ್ತು. ನಾನಂತೂ ಆ ಗಟ್ಟಿ ನೆಲ ನೋಡಿ ಮನಸ್ಸಿನಲ್ಲೇ ಖೋಖೋ ಗೆರೆ ಎಳೆಯುತ್ತಿದ್ದೆ, ಬಾಯಿ ಬಿಡಲಿಲ್ಲ.

ಮಳೆ ಬಂತು. ಅವತ್ತು ಬೇಡ, ಕೆಸರಿರುತ್ತದೆ ಎಂದರು. ನೆಲ ಸ್ವಲ್ಪ ಆರಿದ ಮೇಲೆ ಬಾಡಿಗೆ ಮಷಿನ್ ತಂದರು. ಅದು ಎಮ್ಮೆಯಂಥದು. ಎತ್ತಲು ಬಾರದು, ನಿಲ್ಲಿಸಲು ಬಾರದು, ತನಗೆ ತೋಚಿದ ಕಡೆಗೇ ಹೋಗುವುದು. ಮೊದಲು ಪಕ್ಕದ ಅಂಗಳ. ಅರ್ಧ ದೂರ ಸರಿಯಾಗಿ ಹೋಗಿದ್ದು ಮಹೀನ್ ಖಾನುಮ್ ಅವರ ಗುಲಾಬಿ ಕಂಡ ಕೂಡಲೇ ಅತ್ತ ತಿರುಗಿತು. ಮಷಿನ್ ಹಿಂದೆ ಶಿವಾನಂದ, ಶಿವಾನಂದರ ಹಿಂದೆ ನಾನು, ನನ್ನ ಹಿಂದೆ ಮಹೀನ್ ಖಾನುಮ್.

"ಸಬ್ರ್! ಸಬ್ರ್!" ಎಂದು ಅವರು ಕೂಗಿದರು.

"ಸಬೂರ್ರಿ! ಸಬೂರ್!" ಎಂದು ನಾನು ಕೂಗಿದೆ. ಎರಡಕ್ಕೂ ತಾಳು ಎಂದೇ ಅರ್ಥ, ಈ ಸಲ ಅನುವಾದದಲ್ಲಿ ತಪ್ಪಿರಲಿಲ್ಲ. ಮಷಿನ್ನಿಗೆ ಮಾತ್ರ ಎರಡು ಭಾಷೆಯೂ ತಿಳಿಯಲಿಲ್ಲ. ಒಂದು ಗುಲಾಬಿ ಗಿಡ ಹೋಯಿತು. ಮಹೀನ್ ಖಾನುಮ್ ಅದರ ಕೊನೆಯ ಹೂ ಕಿತ್ತು ಶಿವಾನಂದರ ಕಿವಿಗೆ ಸಿಕ್ಕಿಸಿದರು. ಅವರು ಹಾಗೇ, ಕಿವಿಯಲ್ಲಿ ಹೂವಿಟ್ಟುಕೊಂಡೇ, ನಮ್ಮ ಅಂಗಳವನ್ನೂ ಮುಗಿಸಿದರು. ಎದುರು ಮನೆಯವನು ಆ ದಿನ ಕಿಟಕಿ ಬಿಟ್ಟು ಹೊರಗೇ ಬಂದು ನಿಂತು ನೋಡಿದ.

ಆಮೇಲೆ ಬೀಜ ಚೆಲ್ಲಿ ನೀರು ಬಿಟ್ಟೆವು. ಮಣ್ಣಿನ ತುಂಡುಗಳು ಕರಗಿದವು. ನಾನು ಕಸಬರಿಗೆ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ತೂತು ತೂತಿನಿಂದ ಎಳೆಗೂಸಿನ ತಲೆಗೂದಲಿನಂಥ ಹಸಿರು ಎದ್ದಿತ್ತು. ಎದುರು ಮನೆಯವನು ರಸ್ತೆ ದಾಟಿ ಬಂದ. ಹೇಗೆ ಮಾಡಿದಿರಿ ಎಂದ. ಶಿವಾನಂದ ಹೇಳಿದರು. ಮರುದಿನ ಅವನ ಪಕ್ಕದವನು ಬಂದ. ಅವನಿಗೂ ಹೇಳಿದರು. ಒಳಗೆ ರೊಟ್ಟಿ ಆರುತ್ತಿತ್ತು. ಶೈಲಾ ಕಿಟಕಿಯಿಂದ ಎರಡು ಸಲ ಕೂಗಿ, ಮೂರನೆಯ ಸಲ ಕೂಗದೆ, ಅಲ್ಲೇ ನಿಂತು ಗಂಡ ಕೈ ಬೀಸಿ ಬೀಸಿ ಮಾತಾಡುವುದನ್ನು ನೋಡುತ್ತಿದ್ದಳು. ರೊಟ್ಟಿ ಪೂರ್ತಿ ತಣ್ಣಗಾಯಿತು. ಅವಳು ಬೈಯಲಿಲ್ಲ.

ಧಾರವಾಡ, ಮುಂದಿನ ಏಪ್ರಿಲ್

ನಾನು ಊರಿಗೆ ಬಂದ ಮೇಲೆ ಶಿವಾನಂದರಿಗೆ ಒಂದು ದೊಡ್ಡ ಅಂಗಡಿಯ ತೋಟದ ವಿಭಾಗದಲ್ಲಿ ಕೆಲಸ ಸಿಕ್ಕಿತು. ಬೀಜ, ಗೊಬ್ಬರ ಮಾರುವುದು, ಮಷಿನ್ ಬಾಡಿಗೆಗೆ ಕೊಡುವುದು. ಹಸಿರು ಏಪ್ರನ್ ಹಾಕಿಕೊಂಡ ಫೋಟೊ ಮೇಘಾ ಕಳಿಸಿದ್ದಳು. ಮೊನ್ನೆ ಶೈಲಾಳ ಫೋನು.

"ಅಕ್ಕಾ, ಈ ಕೆಲಸಾನೂ ಉಳಿಯೂ ಹಂಗ ಕಾಣೂದಿಲ್ಲ."

"ಯಾಕ, ಏನಾತು?"

"ಏನಾಗೂದೈತಿ? ಬಿಸಲು ಬಿದ್ದ ಕೂಡಲೆ ಮಂದಿ ಸಾಲು ಹಚ್ಚಿ ಮಷಿನ್ ಕೇಳಾಕ ಬರ್ತಾರ. ಇವರು ಒಬ್ಬೊಬ್ಬರನ್ನೂ ನಿಲ್ಲಿಸಿ ಬುದ್ಧಿ ಹೇಳಿ ವಾಪಸ್ ಕಳಸ್ತಾರ. ನಿನ್ನೆ ಮ್ಯಾನೇಜರ್ ಒಳಗ ಕರದಿದ್ನಂತ."

ಫೋನು ಶಿವಾನಂದರ ಕೈಗೆ ಹೋಯಿತು. ಅವರ ದನಿಯಲ್ಲಿ ಚಿಂತೆಯ ಸುಳಿವೂ ಇರಲಿಲ್ಲ. ಮಣ್ಣು, ಮಳೆ, ಮಂದಿಯ ಅವಸರ ಎಲ್ಲ ವಿವರವಾಗಿ ಹೇಳಿದರು. ಕೊನೆಗೆ ನಾನೇ ನಡುವೆ ಬಾಯಿ ಹಾಕಬೇಕಾಯಿತು.

"ಅದಿರಲಿ, ಮ್ಯಾನೇಜರ್ ಏನಂದಾ?"

"ಅವನೇನಂತಾನ್ರಿ ಅಕ್ಕಾರ, ಪಾಪ, ವಯಸ್ಸು ಸಣ್ಣದು. ಮೊದಲ ನಿನ್ನ ಮನಿ ಮುಂದಿನ ಹುಲ್ಲಿನ ಫೋಟೊ ತೋರಸಪಾ ಅಂದೆ. ತೋರಿಸಿದಾ. ಭಾಳ ಖರಾಬ್ ಐತ್ರಿ. ಈಗ ಏನೂ ಮುಟ್ಟಬ್ಯಾಡ, ಸೆಪ್ಟೆಂಬರದಾಗ ನಾನ ಬಂದು ಮಾಡಿ ಕೊಡ್ತೀನಿ ಅಂದೆ."

"ಅದಕ್ಕ?"

"ಬರ್ರಿ ಅಂದಾ. ಅಂದ್ರ ಸೆಪ್ಟೆಂಬರ್ ತನಕಾ ಕೆಲಸಾ ಪಕ್ಕಾ ಅಂದಂಗ ಆತಲ್ರಿ."